ತಳ ಬಿಚ್ಚದ ಪೆಟ್ಟಿಗೆ

“ಮೇಡಂ, ಅದನ್ನ ಯಾಕೆ ತಲೆಕೆಳಗು ಮಾಡ್ತಿದೀರಿ? ಬಾಣದ ಗುರುತು ಹಾಕಿರೋದು ಅಂದಕ್ಕಾ?”

ಗೋದಾಮಿನ ಕಾವಲುಗಾರನನ್ನು ಎಲ್ಲರೂ ಚಿಲಕ ಎಂದೇ ಕರೆಯುತ್ತಿದ್ದರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸದಾ ಝಣಗುಟ್ಟುತ್ತಿದ್ದುದರಿಂದ ಬಂದ ಹೆಸರಿರಬೇಕು. ಅವನು ಗೋದಾಮಿನ ಬಾಗಿಲು ಹಾಕಿದ್ದಕ್ಕಿಂತ ರೆಪ್ಪೆ ಹಾಕಿದ್ದೇ ಹೆಚ್ಚು ಎನ್ನುವವರೂ ಇದ್ದರು.

“ಅಂದ ನೋಡೋ ವಯಸ್ಸು ದಾಟಿತಪ್ಪ ನಂಗೆ. ಆ ಕಡೆ ಹಿಡ್ಕೋ,” ಎಂದಳು ಸರ್ವೇಯರಮ್ಮ.

ಅವಳು ವಿಮಾ ಕಂಪನಿಯ ಪರವಾಗಿ ಕೆಟ್ಟ ಮಾಲು ನೋಡುವವಳು. ಸುಟ್ಟದ್ದು, ನೆನೆದದ್ದು, ಮುರಿದದ್ದು, ಮುರಿದಿದೆ ಎಂದು ಸುಳ್ಳು ಹೇಳಿದ್ದು, ಎಲ್ಲವನ್ನೂ ಮೂಸಿ ನೋಡಿ ವರದಿ ಬರೆಯುವುದೇ ಅವಳ ಅನ್ನದ ದಾರಿ. ಈ ದಿನ ಅವಳು ಮೂಸುತ್ತಿದ್ದುದು ನೀರು ಕಾಯಿಸುವ ವಿದ್ಯುತ್ ಕೆಟಲುಗಳನ್ನು. ಇದೇ ಮಾಲಿನ ಅರ್ಧ ಭಾಗ ಹೋದ ತಿಂಗಳು ಹಡಗು ಹತ್ತಿತ್ತು. ಆಚೆ ದಡದ ಬಂದರಿನಲ್ಲಿ ಸುಂಕದ ಗುಮಾಸ್ತನೊಬ್ಬ ಪರೀಕ್ಷೆಗೆಂದು ಒಂದನ್ನು ಪ್ಲಗ್ಗಿಗೆ ಹಾಕಿ, ಹಿಡಿಕೆ ಮುಟ್ಟಿ, ಮತ್ತೆ ಏಳಲಿಲ್ಲ. ಮಾಲಿನ ಜೊತೆಗೆ ಹೋಗಿದ್ದ ಸರ್ಟಿಫಿಕೇಟು ಮಾತ್ರ ಎಲ್ಲವೂ ಮಾನಕಕ್ಕೆ ತಕ್ಕಂತಿದೆ, ಧಾರಾಳವಾಗಿ ಬಳಸಿ ಎನ್ನುತ್ತಿತ್ತು.

ಆ ಸರ್ಟಿಫಿಕೇಟಿಗೆ ಕಾರಣವಾದ ತಪಾಸಣೆ ಮಾಡಿದವನು ಈಗ ಪೊಲೀಸರ ವಶದಲ್ಲಿದ್ದ. ಲಂಚ ತಿಂದು ಕಣ್ಣು ಮುಚ್ಚಿಕೊಂಡ ಎಂಬುದು ಆಪಾದನೆ. ಅವನು ಸರ್ವೇಯರಮ್ಮನ ಅಳಿಯ.

ಈ ಸಂಬಂಧವನ್ನು ಅವಳು ವಿಮಾ ಕಂಪನಿಗೆ ಹೇಳಿರಲಿಲ್ಲ. ಹೇಳಿದ್ದರೆ ಈ ಗೋದಾಮಿನ ಹೊಸ್ತಿಲನ್ನೂ ತುಳಿಯಲು ಬಿಡುತ್ತಿರಲಿಲ್ಲ.

ಹೊರಗೆ ಲಾರಿಯೊಂದು ಎಂಜಿನ್ ಆರಿಸದೆ ಗುರುಗುಡುತ್ತಿತ್ತು. ಉಳಿದರ್ಧ ಮಾಲನ್ನು ಕೊಳ್ಳುವವರು ಬೇಡವೆಂದಿದ್ದರು. ಅವಳು ವರದಿಗೆ ಸಹಿ ಹಾಕಿದರೆ ರಫ್ತು ಕಂಪನಿಗೆ ವಿಮೆಯ ಪರಿಹಾರ. ಮಾಲು ಸೀದಾ ಗುಜರಿ ಯಂತ್ರದ ಬಾಯಿಗೆ. ಅಳಿಯನನ್ನು ಬಿಡಿಸಬಲ್ಲ ಸಾಕ್ಷಿ ಏನಾದರೂ ಇದ್ದರೆ ಅದು ಈ ಪೆಟ್ಟಿಗೆಗಳಲ್ಲೇ ಇರಬೇಕು. ನಾಳೆ ಬೆಳಿಗ್ಗೆ ಅವನ ಜಾಮೀನಿನ ವಿಚಾರಣೆ.

ಚಿಲಕ ಉಸಿರು ಬಿಗಿಹಿಡಿದು ಪೆಟ್ಟಿಗೆ ಮಗುಚಿದ. ಗೋದಾಮಿಗಿದ್ದ ಒಂದೇ ಒಂದು ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಅದರ ತಳದ ಮೇಲೆ ಬಿತ್ತು. ಸರ್ವೇಯರಮ್ಮ ಮಂಡಿಯೂರಿ ಕನ್ನಡಕ ಸರಿಮಾಡಿಕೊಂಡಳು.

ತಳದ ಉದ್ದಕ್ಕೂ ಕಾರ್ಖಾನೆಯ ಯಂತ್ರ ಅಂಟಿಸಿದ ಅಗಲದ ಟೇಪು. ಕಂಪನಿಯ ಮುದ್ರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲೂ ಕಡಿಯದೆ ಸಾಗಿತ್ತು. ಚಾಕುವಿನ ಮೊನೆಯೂ ಸೋಕಿರಲಿಲ್ಲ.

ಅವಳು ಟೇಪಿನ ಉದ್ದಕ್ಕೂ ಹೆಬ್ಬೆರಳು ಎಳೆದಳು.

“ಇನ್ನೊಂದು,” ಎಂದಳು.

“ಅಯ್ಯೋ ಮೇಡಂ, ನನ್ನ ಸೊಂಟ ವಿಮೆ ಮಾಡಿಸಿಲ್ಲ.”

“ಹಸಿರು ಸ್ಟಿಕ್ಕರ್ ಇರೋದು ಮಾತ್ರ ತೋರ್ಸು ಸಾಕು. ಎಲ್ಲಾನೂ ಹೊರೋದು ಬೇಡ.”

ಹಸಿರು ಸ್ಟಿಕ್ಕರು ಎಂದರೆ ತಪಾಸಣೆಗಾರ ಬಿಚ್ಚಿ ನೋಡಿದ ಪೆಟ್ಟಿಗೆ ಎಂದರ್ಥ. ಹಡಗು ಹತ್ತುವ ಮುನ್ನ ಅವನು ಗೋದಾಮಿಗೆ ಬರುತ್ತಾನೆ. ರಾಶಿಯಲ್ಲಿ ತನಗೆ ತೋಚಿದ ಪೆಟ್ಟಿಗೆಗಳನ್ನು ಎಳೆದು ಬಿಚ್ಚುತ್ತಾನೆ. ಕೆಲವು ಪೆಟ್ಟಿಗೆಗಳನ್ನು ಲ್ಯಾಬಿಗೆ ಒಯ್ಯುತ್ತಾನೆ. ಒಯ್ಯುವುದಕ್ಕೂ ಉಳಿಸುವುದಕ್ಕೂ ಮತ್ತೆ ಟೇಪು ಹಾಕಿ, ತಾನು ಬಿಚ್ಚಿದ ಸಂದಿನ ಮೇಲೆಯೇ ಸಹಿ ಮಾಡಿದ ಸ್ಟಿಕ್ಕರು ಅಂಟಿಸುತ್ತಾನೆ. ಮತ್ತೆ ಯಾರಾದರೂ ಬಿಚ್ಚಿದರೆ ಸ್ಟಿಕ್ಕರು ಹರಿದು ಚಾಡಿ ಹೇಳುತ್ತದೆ. ಲ್ಯಾಬು ಸರಿ ಎಂದರೆ ಸರ್ಟಿಫಿಕೇಟು.

ಕಿಟಕಿಯ ಕೆಳಗಿನ ಸಾಲಿನಲ್ಲಿದ್ದ ಹಸಿರು ಸ್ಟಿಕ್ಕರಿನ ಪೆಟ್ಟಿಗೆಗಳೆಲ್ಲವನ್ನೂ ಮಗುಚಿದ್ದಾಯಿತು. ಎಲ್ಲಕ್ಕೂ ಸ್ಟಿಕ್ಕರು ಇದ್ದದ್ದು ಮೇಲುಗಡೆ. ಎಲ್ಲದರ ತಳವೂ ಕಾರ್ಖಾನೆಯಿಂದ ಬಂದ ಹಾಗೇ ಕನ್ನೆಯಾಗಿತ್ತು.

ಸರ್ವೇಯರಮ್ಮ ಒಂದೊಂದರದೂ ಫೋಟೋ ತೆಗೆದಳು. ತೆಗೆಯುವಾಗ ಅವಳ ತುಟಿಯ ಮೂಲೆ ತಾನಾಗಿ ಮೇಲೆದ್ದಿತು. ಅಳಿಯನ ವಿಷಯದಲ್ಲಿ ಅದು ಮೇಲೇಳುವುದು ಅಪರೂಪ.

ಮದುವೆಯಾದ ಮರುದಿನ ಉಡುಗೊರೆಗಳ ರಾಶಿಯ ಮುಂದೆ ಕೂತು, ಬಣ್ಣದ ಕಾಗದ ಸುತ್ತಿದ ಪೊಟ್ಟಣಗಳನ್ನೆಲ್ಲ ತಲೆಕೆಳಗಾಗಿಸಿ ತಳದಿಂದ ಬಿಚ್ಚಿದ ಮಹಾನುಭಾವ ಅವನು. ಬಿಸ್ಕತ್ತಿನ ಪೊಟ್ಟಣ, ಔಷಧಿ ಡಬ್ಬಿ, ಹೆಂಡತಿಯ ಹುಟ್ಟುಹಬ್ಬದ ಕೇಕಿನ ಪೆಟ್ಟಿಗೆ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಕೇಕು ನೆಲಕ್ಕೆ ಬಿದ್ದ ದಿನ ಸರ್ವೇಯರಮ್ಮ ಬಾಯಿಬಿಟ್ಟೇ ಕೇಳಿದ್ದಳು.

“ಏನಪ್ಪಾ ಇದು? ಬಾಗಿಲಿರೋ ಮನೆಗೆ ಹಂಚು ತೆಗೆದು ಇಳೀತೀಯಲ್ಲ!”

“ಮೇಲುಗಡೆ ಚೆನ್ನಾಗಿರೋದನ್ನೇ ಇಟ್ಟಿರ್ತಾರೆ ಅತ್ತೆ. ನಿಜ ಗೊತ್ತಾಗೋದು ತಳದಲ್ಲಿ,” ಎಂದಿದ್ದ ಅವನು, ಮೂಗಿಗಂಟಿದ ಕೆನೆ ಒರೆಸಿಕೊಳ್ಳುತ್ತಾ. ಗೋದಾಮಿನಲ್ಲಿ ಕಲಿತದ್ದು ಮನೆಯಲ್ಲೂ ಬಿಡದ ಜಾತಿ. ಇಂಥವನ ಕೈಗೆ ಹೋಗಿ ಹೋಗಿ ಮಗಳನ್ನು ಕೊಟ್ಟೆನಲ್ಲಾ ಎಂದು ಅವಳು ಅಂದು ರಾತ್ರಿ ಮಗ್ಗುಲು ಬದಲಾಯಿಸಿದ್ದಳು.

ಈಗ ಆ ಕೇಕಿನ ಲೆಕ್ಕ ಚುಕ್ತಾ ಆಯಿತು ಎನ್ನಿಸಿತು. ಈ ಪೆಟ್ಟಿಗೆಗಳನ್ನು ಬಿಚ್ಚಿ ಸ್ಟಿಕ್ಕರು ಅಂಟಿಸಿದವರು ಯಾರೇ ಇರಲಿ, ಅವಳ ಅಳಿಯನಂತೂ ಅಲ್ಲ.

ಮಾಲನ್ನೂ ನೋಡಿಬಿಡೋಣವೆಂದು ಸ್ಟಿಕ್ಕರಿಲ್ಲದ ಒಂದು ಪೆಟ್ಟಿಗೆ ಕೊಯ್ದು ಕೆಟಲೊಂದನ್ನು ಹೊರತೆಗೆದಳು. ಚೀಲದಿಂದ ಸ್ಕ್ರೂಡ್ರೈವರು ಬಂತು. ಅಡಿಯ ಮುಚ್ಚಳ ಕಳಚಿದರೆ, ಮುಟ್ಟಿದವರಿಗೆ ಶಾಕ್ ಹೊಡೆಯದಂತೆ ಕಾಯಬೇಕಾದ ಹಸಿರು-ಹಳದಿ ಅರ್ತ್ ವೈರು ತಂತಿಯ ಕಟ್ಟಿನ ಜೊತೆ ಒಳಗೆ ಬಂದಿತ್ತು. ಬಂದು, ಯಾವುದಕ್ಕೂ ಸೇರದೆ, ಸುಮ್ಮನೆ ಸುರುಳಿ ಸುತ್ತಿ ಮಲಗಿತ್ತು. ಹೊರಗಿನವರ ಕಣ್ಣಿಗೆ ಮಾತ್ರ ವೈರು. ನಿನ್ನೆ ಲ್ಯಾಬಿನಲ್ಲಿ ಅವಳು ನೋಡಿದ್ದ ಮಾದರಿಗಳಲ್ಲಿ ಇದೇ ವೈರು ಲೋಹದ ಮೈಗೆ ಗಟ್ಟಿಯಾಗಿ ಬಿಗಿದಿತ್ತು.

“ಒಳ್ಳೇದನ್ನ ತೋರ್ಸಿ, ಕೆಟ್ಟದ್ದನ್ನ ತುಂಬ್ಸಿದಾರೆ,” ಎಂದು ತನ್ನಷ್ಟಕ್ಕೆ ಗೊಣಗಿದಳು.

“ಏನಂದ್ರಿ?”

“ಟೇಪು ಕೊಡಪ್ಪ ಅಂದೆ.”

ಕೆಟಲು ಒಳಗಿಟ್ಟು, ಪೆಟ್ಟಿಗೆಗೆ ಟೇಪು ಎಳೆದು, ತುದಿಯನ್ನು ಒಂದು ಸಲ ಒಳಮಡಿಸಿ ಅಂಟಿಸಿದಳು. ಚಿಲಕ ಬಗ್ಗಿ ನೋಡಿದ.

“ಇದೇನು ಮೇಡಂ, ಟೇಪಿಗೆ ಕಿವಿ?”

“ನಮ್ಮನೇಲಿ ಹಾಗೇ. ಮುಂದೆ ತೆಗೆಯೋರು ಉಗುರು ಕೆರ್ಕೋಬಾರ್ದು ಅಂತ. ನಮ್ಮಮ್ಮ ಕಲ್ಸಿದ್ದು, ನಾನು ಮಗಳಿಗೆ ಕಲ್ಸಿದೆ. ಅವಳು ನನಗಿಂತ ಒಂದು ಕೈ ಮೇಲು. ಎರಡೆರಡು ಸಲ ಮಡಿಸ್ತಾಳೆ.”

ಬೆಳಿಗ್ಗೆ ತಾನೇ ಮಗಳು ಗಂಡನಿಗೆ ಠಾಣೆಗೆ ಕಳಿಸಲು ಬಟ್ಟೆಬರೆ ತುಂಬಿದ ಡಬ್ಬಕ್ಕೆ ಹಾಗೇ ಟೇಪು ಹಾಕಿದ್ದಳು. ಕಣ್ಣೀರು ಇಳಿಯುತ್ತಿದ್ದರೂ ಬೆರಳುಗಳು ಮಾತ್ರ ತುದಿಯನ್ನು ಮಡಿಸಿ, ಮತ್ತೆ ಮಡಿಸಿ, ಉಗುರಿನಿಂದ ತೀಡಿದ್ದವು. ಅಳಿಯನಿಗೆ ಈ ಕಿವಿಯನ್ನು ಕಂಡರಾಗದು. ಟೇಪು ದಂಡ ಎನ್ನುತ್ತಾ ಹಲ್ಲಿನಲ್ಲೇ ಕಚ್ಚಿ ತುಂಡರಿಸುವವನು. ಈ ವಿಷಯಕ್ಕೆ ಗಂಡಹೆಂಡಿರು ಒಂದು ವಾರ ಮಾತು ಬಿಟ್ಟದ್ದೂ ಉಂಟು.

“ನಿನ್ನ ಗೋಡೌನಿಗೆ, ತಪಾಸಣೆ ಸಾಹೇಬರು ಬಂದು ಹೋದ್ಮೇಲೆ, ಇನ್ಯಾರು ಬಂದಿದ್ರು?” ಟೇಪಿನ ಉರುಳೆಯನ್ನು ಅವನ ಕೈಗಿಡುತ್ತಾ ಕೇಳಿದಳು.

“ಯಾರೂ ಇಲ್ಲ.”

“ನೀನು ಎಚ್ಚರ ಇದ್ದಾಗ ಯಾರು ಬಂದಿದ್ರು ಅಂತ ಕೇಳ್ತಿರೋದು.”

ಚಿಲಕನಿಗೆ ನಗು ಬಂತು. ತಲೆ ಕೆರೆದುಕೊಂಡ.

“ಹಾಗಂದ್ರೆ ಒಬ್ರು ಬಂದಿದ್ರು. ಸಾಹೇಬ್ರ ಕಡೆಯೋರು, ಸ್ಟಿಕ್ಕರ್ ಹಾಕೋದು ಬಾಕಿ ಇದೆಯಂತೆ, ಬಿಡು ಅಂತ ಮ್ಯಾನೇಜರ್ ಫೋನಲ್ಲಿ ಹೇಳಿದ್ರು. ಬಿಟ್ಟೆ.”

“ನೋಡೋಕೆ ಹೇಗಿದ್ರು?”

“ಹೆಲ್ಮೆಟ್ ಥರ ಇದ್ರು.”

“ಏನು?”

“ತಲೆಯಿಂದ ಹೆಲ್ಮೆಟ್ ತೆಗೀಲೇ ಇಲ್ಲ ಮೇಡಂ. ಮೈಮೇಲೆ ದೊಗಲೆ ಮಳೆಕೋಟು. ಮಳೆ ಇರ್ಲಿಲ್ಲ, ಅದೊಂದು ನೆನಪಿದೆ. ಬಾಯಿ ಬಿಡಲಿಲ್ಲ, ಎಲ್ಲ ಕೈಸನ್ನೆ. ಕಿಟಕಿ ಹತ್ರ ಕೂತ್ಕೊಂಡು ಏನೋ ಮಾಡಿದ್ರು. ನಾನು ಟೀ ಕುಡ್ದು ಬರೋದ್ರೊಳಗೆ ಹೋಗಿದ್ರು.”

“ಟೀ ಎಲ್ಲಿ ಕುಡಿದೆ, ಪಕ್ಕದ ಊರಲ್ಲಾ?”

ಉತ್ತರ ಬರುವ ಮೊದಲೇ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಚಿಲಕ ಬೀಗದ ಕೈಗೊಂಚಲನ್ನು ಅಂಗೈಯಲ್ಲಿ ಮುಚ್ಚಿಕೊಂಡು ರಾಶಿಯ ಹಿಂದೆ ಜಾರಿದ.

ರಫ್ತು ಕಂಪನಿಯ ಮ್ಯಾನೇಜರು ಇಸ್ತ್ರಿ ಕೆಡದ ಮನುಷ್ಯ. ಗೋದಾಮಿನ ಧೂಳೂ ಅವನ ಅಂಗಿಯ ಮೇಲೆ ಕೂರಲು ಅನುಮತಿ ಕೇಳುವಂತಿತ್ತು. ಒಂದು ಕೈಯಲ್ಲಿ ವರದಿಯ ಹಾಳೆ, ಇನ್ನೊಂದರಲ್ಲಿ ಪೆನ್ನಿನ ಮುಚ್ಚಳ. ಮುಚ್ಚಳ ತೆಗೆದ ಪೆನ್ನು ಜೇಬಿನಲ್ಲಿ ಸಿದ್ಧವಾಗಿತ್ತು.

“ಆಯ್ತಲ್ಲ ಮೇಡಂ? ಲಾರಿಯವನು ಕಾಯೋದಕ್ಕೂ ಬಾಡಿಗೆ ಕೇಳ್ತಿದಾನೆ.”

“ಕಾಯ್ಲಿ. ಎಂಜಿನ್ ಆರಿಸೋಕೆ ಹೇಳಿ, ಬಾಡಿಗೆ ಕಮ್ಮಿ ಆಗುತ್ತೆ.”

“ಏನಾದ್ರೂ ತೊಂದರೇನಾ?”

“ತೊಂದರೆ ನನಗಲ್ಲ ಮ್ಯಾನೇಜರೇ, ನಿಮಗೆ. ತಪಾಸಣೆ ಆದ ಮಾಲೇ ಬೇರೆ, ಇಲ್ಲಿರೋ ಮಾಲೇ ಬೇರೆ. ನೀವಾಗೇ ಬದಲಾಯಿಸಿದ ಮಾಲಿಗೆ ವಿಮೆ ಒಂದು ಕಾಸೂ ಕೊಡಲ್ಲ. ಒಂದು ಪೆಟ್ಟಿಗೆಯೂ ಈ ಬಾಗಿಲು ದಾಟಕೂಡದು.”

ಮ್ಯಾನೇಜರು ಹುಬ್ಬನ್ನು ಮಾತ್ರ ಎತ್ತಿದ. ಉಳಿದ ಮುಖ ಇದ್ದಲ್ಲೇ ಇತ್ತು.

“ಸ್ಟಿಕ್ಕರು ಅಸಲಿ. ಸಹಿ ಅಸಲಿ. ಪೊಲೀಸರೇ ಪರೀಕ್ಷೆ ಮಾಡಿಸಿದ್ದಾರೆ.”

“ಸ್ಟಿಕ್ಕರ್ ಅಸಲಿ, ಅಂಟ್ಸಿದ ಜಾಗ ನಕಲಿ. ಈ ತಪಾಸಣೆಗಾರ ಯಾವ ಪೆಟ್ಟಿಗೇನೂ ಮೇಲಿಂದ ಬಿಚ್ಚೋನಲ್ಲ. ಲ್ಯಾಬಲ್ಲಿ ನಿಮ್ಮದೇ ಮಾಲಿನ ಪೆಟ್ಟಿಗೆಗಳಿವೆ, ಅವನೇ ಹೊತ್ಕೊಂಡು ಹೋಗಿದ್ದು. ನೋಡಿ ಬಂದಿದೀನಿ. ಅಷ್ಟೂ ತಳದಿಂದ ಬಿಚ್ಚಿದೆ, ಸ್ಟಿಕ್ಕರೂ ತಳದಲ್ಲೇ ಇದೆ. ಇಲ್ಲಿ ನೋಡಿ, ಒಂದರ ತಳಕ್ಕಾದ್ರೂ ಚಾಕು ತಾಗಿದ್ಯಾ?”

ಅವನು ನೋಡಲಿಲ್ಲ. ಪೆನ್ನಿನ ಮುಚ್ಚಳವನ್ನು ಬೆರಳ ತುದಿಯಲ್ಲಿ ತಿರುಗಿಸಿದ.

“ತಪಾಸಣೆಗಾರರ ಅಭ್ಯಾಸ ನಿಮಗೆ ಬಹಳ ಚೆನ್ನಾಗಿ ಗೊತ್ತು.”

“ನನ್ನ ಕೆಲಸವೇ ಅದು.”

“ಹೌದಾ? ನಾನು ಮನೆಮಾತು ಅಂದ್ಕೊಂಡೆ.” ಅವನ ದನಿ ಬೆಣ್ಣೆಯಲ್ಲಿ ಅದ್ದಿದಂತಿತ್ತು. “ಅಳಿಯಂದ್ರು ಹೇಗಿದಾರೆ? ಠಾಣೇಲಿ ಊಟ ಸೇರುತ್ತಂತಾ?”

ರಾಶಿಯ ಹಿಂದೆ ಬೀಗದ ಕೈಗಳು ಒಮ್ಮೆ ಝಣ್ ಎಂದವು.

ಸರ್ವೇಯರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುವಷ್ಟು ಹೊತ್ತು ಸಂಪಾದಿಸಿಕೊಂಡಳು.

“ಸೇರಲ್ಲ. ಅದಕ್ಕೇ ಬೇಗ ಮನೆಗೆ ಕರ್ಕೊಂಡು ಬರೋಣ ಅಂತ.”

“ನಾನೊಂದು ಫೋನ್ ಮಾಡಿದ್ರೆ ನಿಮ್ಮ ಲೈಸೆನ್ಸು ನಾಳೆ ಇರಲ್ಲ. ಅಳಿಯನ ಕೇಸಿಗೆ ಅತ್ತೆ ಸರ್ವೇಯರು! ನಿಮ್ಮ ವರದೀನ ಕೋರ್ಟಲ್ಲಿ ಯಾರು ಓದ್ತಾರೆ?”

“ಮಾಡಿ. ಆಗ ಕಂಪನಿ ಇನ್ನೊಬ್ಬ ಸರ್ವೇಯರ್‌ನ ಕಳಿಸುತ್ತೆ. ಅವನು ಬರೋವರೆಗೂ ಮಾಲು ಇಲ್ಲೇ ಇರ್ಬೇಕು. ಬಂದೋನು ನನ್ನ ಥರ ವಯಸ್ಸಾದೋನಲ್ಲ, ಎಲ್ಲ ಪೆಟ್ಟಿಗೇನೂ ತಾನೇ ಮಗುಚ್ತಾನೆ. ನನ್ನ ಲೈಸೆನ್ಸ್ ಹೋಗುತ್ತೆ, ನಿಮ್ಮ ಕಂಪನಿ ಉಳಿಯಲ್ಲ. ಮಾಡಿ ಫೋನು.”

ಈ ಏಟು ತಾಗಿತು. ಮುಚ್ಚಳ ತಿರುಗುವುದು ನಿಂತಿತು. ಇಡೀ ವೃತ್ತಿಜೀವನದಲ್ಲಿ ಸರ್ವೇಯರಮ್ಮ ಕಾದಿದ್ದು ಇಂಥ ಗಳಿಗೆಗಳಿಗೇ. ಎದುರಿಗಿದ್ದವರ ಮುಖದಿಂದ ಇಸ್ತ್ರಿ ಕಳಚುವುದನ್ನು ನೋಡುವುದಕ್ಕೆ.

ಆದರೆ ಅವನು ನಕ್ಕ. ಸೋತವನ ನಗುವಲ್ಲ ಅದು. ಮರುಕದ ನಗು.

“ಒಂದು ಮಾತು ಮೇಡಂ. ಬೇಜಾರು ಮಾಡ್ಕೋಬೇಡಿ. ಸಹಿ ಹಾಕಿದ ಸ್ಟಿಕ್ಕರು ಅಂಗಡೀಲಿ ಸಿಗಲ್ಲ. ನಿಮ್ಮ ಅಳಿಯ ಇಲ್ಲಿಗೆ ಬಂದು ಅಂಟಿಸಲಿಲ್ಲ ಅಂತೀರಿ. ಒಪ್ಪಿದೆ. ಹಾಗಾದ್ರೆ ಅವು ಎಲ್ಲಿಂದ ನಡ್ಕೊಂಡು ಬಂದ್ವು?”

ಎಲ್ಲಿಂದ ಎಂದು ಅವಳಿಗೆ ಗೊತ್ತಿತ್ತು. ತಪಾಸಣೆಯ ಹಿಂದಿನ ದಿನ ಊಟದ ಮೇಜಿನ ಮೇಲೆ ಸ್ಟಿಕ್ಕರಿನ ಪಟ್ಟಿ ಹರಡಿಕೊಂಡು, ಗೋದಾಮಿನಲ್ಲಿ ಹೊತ್ತು ಉಳಿಯಲೆಂದು ಸಾಲಾಗಿ ಸಹಿ ಜಡಿಯುವುದು ಅಳಿಯನ ಪದ್ಧತಿ. ಪೆಟ್ಟಿಗೆಯ ತಳ ನಂಬಿದವನಿಗೆ ಮನೆಯ ಮೇಜಿನ ಮೇಲೂ ಅಷ್ಟೇ ನಂಬಿಕೆ. ಉಳಿದದ್ದು ಅಡುಗೆಮನೆಯ ಪಕ್ಕದ ಡ್ರಾಯರಿಗೆ ಹೋಗುತ್ತಿತ್ತು. ಬೈಯಬೇಕೆಂದು ಅವಳೇ ಎಷ್ಟೋ ಸಲ ಅಂದುಕೊಂಡು, ಅಳಿಯನನ್ನು ಬೈದರೆ ಮಗಳ ಮುಖ ಊದುತ್ತದೆಂದು ಬಾಯಿ ಮುಚ್ಚಿಕೊಂಡಿದ್ದಳು. ಕದ್ದವರು ಯಾರೋ ಮನೆಗೆ ಬಂದು ಹೋಗುವವರಿರಬೇಕು. ಸಹೋದ್ಯೋಗಿಯೋ, ಪಕ್ಕದ ಮನೆಯವರೋ. ಅದನ್ನು ಪೊಲೀಸರು ಹುಡುಕಿಕೊಳ್ಳಲಿ.

“ಒಬ್ರು ಕಳ್ಳ ಅಲ್ಲ ಅಂತಾದ್ರೆ ಇನ್ಯಾರೋ ಕಳ್ಳರು ಅಂತ ತಾನೆ?” ಮ್ಯಾನೇಜರು ವರದಿಯ ಹಾಳೆಯನ್ನು ಪೆಟ್ಟಿಗೆಯ ಮೇಲಿಟ್ಟು, ಗಾಳಿಗೆ ಹಾರದಂತೆ ಪೆನ್ನನ್ನು ಅದರ ಮೇಲಿಟ್ಟ. “ಅದು ಯಾರು ಅನ್ನೋದು ನಿಮಗೆ ಬೇಕಾ, ಚೆನ್ನಾಗಿ ಯೋಚನೆ ಮಾಡಿ. ಲಾರಿ ಹಿಂದಕ್ಕೆ ತಗೊಳ್ಳೋಕೆ ಹೇಳ್ತೀನಿ. ಅಷ್ಟರಲ್ಲಿ ನೀವು ಸಹಿ ಹಾಕಿರ್ತೀರಿ.”

“ಕನಸು ಕಾಣಿ.”

“ಹಾಕ್ತೀರಿ ಮೇಡಂ,” ಎಂದು ಅವನು ಮೃದುವಾಗಿ ಹೇಳಿ ಹೊರಗೆ ನಡೆದ. ಬೂಟಿನ ಸದ್ದಿನಲ್ಲಿ ಅವಸರವೇ ಇರಲಿಲ್ಲ.

ಅವನ ಬೆದರಿಕೆಗಿಂತ ಆ ಮೃದುತನ ಅವಳಿಗೆ ಮುಳ್ಳಿನಂತೆ ಚುಚ್ಚಿತು. ಸಿಕ್ಕಿಬಿದ್ದವನು ಕೂಗಾಡಬೇಕು, ಅಂಗಲಾಚಬೇಕು, ನೋಟಿನ ಕವರು ನೀಡಬೇಕು. ಈ ಮನುಷ್ಯ ಸತ್ತವರ ಮನೆಗೆ ಬಂದವನ ಹಾಗೆ ಮಾತಾಡಿ ಹೋದ.

“ಚಿಲಕ, ಪೆಟ್ಟಿಗೆಗಳನ್ನ ನೆಟ್ಟಗಿಟ್ಟು ನೀರು ತಗೊಂಬಾ.”

ಅವನು ಹೋದ. ಸರ್ವೇಯರಮ್ಮ ಕಿಟಕಿಯ ಕೆಳಗಿನ ಪೆಟ್ಟಿಗೆಯ ಮುಂದೆ ಮತ್ತೆ ಕೂತಳು. ಸಾಕ್ಷಿಗೆಂದು ಒಂದು ಸ್ಟಿಕ್ಕರನ್ನು ಅದರ ಕೆಳಗಿನ ಟೇಪಿನ ಸಮೇತ ಕೊಯ್ದು ಇಟ್ಟುಕೊಳ್ಳುವುದು ಒಳ್ಳೆಯದು. ಲಾರಿ ಬಂದರೂ ಕೈಯಲ್ಲಿ ಒಂದು ತುಂಡಾದರೂ ಉಳಿದಿರುತ್ತದೆ.

ಚಾಕು ಇಡುವ ಮೊದಲು ಬೆರಳಿನಿಂದ ಸ್ಟಿಕ್ಕರಿನ ಮೇಲೆ ಸವರಿದಳು. ಕೆಟ್ಟ ಮಾಲನ್ನು ಕಣ್ಣಿಗಿಂತ ಮೊದಲು ಬೆರಳಿನಿಂದ ನೋಡುವುದು ಅವಳ ರೂಢಿ. ನುಣುಪು, ನುಣುಪು, ಅಂಚಿನ ಬಳಿ ಒಂದು ಸಣ್ಣ ಉಬ್ಬು.

ಸ್ಟಿಕ್ಕರಿನ ಕೆಳಗೆ ಏನೋ ದಪ್ಪಗಿತ್ತು.

ಚಾಕುವಿನ ತುದಿಯಿಂದ ಅಂಚು ಎಬ್ಬಿಸಿದಳು. ಹಸಿರು ಕಾಗದ ಹರಿಯಿತು. ಒಳಗೆ ಪಾರದರ್ಶಕ ಟೇಪಿನ ತುದಿ. ಒಮ್ಮೆ ಒಳಕ್ಕೆ ಮಡಿಸಿ, ಮಡಿಸಿದ್ದನ್ನು ಮತ್ತೊಮ್ಮೆ ಮಡಿಸಿ, ಉಗುರಿನಿಂದ ತೀಡಿ ಕೂರಿಸಿದ ಪುಟ್ಟ ಕಿವಿ.

ಮುಂದೆ ತೆಗೆಯುವವರು ಉಗುರು ಕೆರೆದುಕೊಳ್ಳಬಾರದಲ್ಲ.

ಬಿಸಿಲಿನಲ್ಲಿ ಧೂಳಿನ ಕಣಗಳು ತಮ್ಮ ಪಾಡಿಗೆ ತೇಲುತ್ತಿದ್ದವು. ಅವಳು ಪಕ್ಕದ ಪೆಟ್ಟಿಗೆಯ ಸ್ಟಿಕ್ಕರು ಮುಟ್ಟಿದಳು. ಉಬ್ಬು. ಅದರಾಚೆಯದು. ಉಬ್ಬು. ನಾಲ್ಕನೆಯದನ್ನು ಮುಟ್ಟಲು ಕೈ ಹೋಗಲಿಲ್ಲ. ಮೊಣಕಾಲಿನ ಮೇಲೆ ಬಿದ್ದುಕೊಂಡಿತು.

ಈ ಸ್ಟಿಕ್ಕರುಗಳೇ ಅಳಿಯನನ್ನು ಮನೆಗೆ ತರುತ್ತವೆ. ಅವೇ ಬೇರೊಬ್ಬರನ್ನು ಅವನಿದ್ದ ಜಾಗಕ್ಕೆ ಕಳಿಸುತ್ತವೆ. ಸಹಿ ಹಾಕಿದರೆ ಎಲ್ಲವೂ ಸಂಜೆಯೊಳಗೆ ತಗಡಿನ ಮುದ್ದೆ.

ಹೊರಗೆ ಲಾರಿ ಹಿಮ್ಮುಖವಾಗಿ ಬರುವ ಕೀ ಕೀ ಸದ್ದು ಶುರುವಾಯಿತು. ಯಾರೋ “ಬರ್ಲಿ, ಬರ್ಲಿ” ಎಂದು ಕೂಗುತ್ತಿದ್ದರು.

ಚೀಲದೊಳಗೆ ಫೋನು ನಡುಗಿತು. ಮಗಳು.

“ಅಮ್ಮಾ, ಏನಾಯ್ತು? ಅವ್ರನ್ನ ಬಿಡಿಸ್ತೀಯಲ್ವಾ? ಲಾಯರು ಎರಡು ಸಲ ಫೋನ್ ಮಾಡಿದ್ರು. ಏನಾದ್ರೂ ಸಿಕ್ತಾ ಅಲ್ಲಿ?” ಅತ್ತು ಅತ್ತು ದಪ್ಪಗಾದ ದನಿ. ಸುಳ್ಳು ಅಳುವಲ್ಲ ಅದು. ಹೆತ್ತವಳ ಕಿವಿಗೆ ಅಷ್ಟು ತಿಳಿಯುತ್ತದೆ. ಅದೇ ಇನ್ನೂ ಭಯ ಹುಟ್ಟಿಸಿತು.

“ಊಟ ಮಾಡಿದ್ಯಾ?” ಎಂದಳು ಸರ್ವೇಯರಮ್ಮ.

“ಅಮ್ಮಾ! ಸಿಕ್ತಾ ಅಂತ ಕೇಳ್ದೆ.”

“ಗೋಡೌನು ತುಂಬಾ ದೊಡ್ಡದಮ್ಮ. ಎಲ್ಲಾನೂ ನೋಡೋಕಾಗ್ಲಿಲ್ಲ.” ಹೆಬ್ಬೆರಳು ಆ ಎರಡು ಮಡಿಕೆಯ ಮೇಲೇ ಇತ್ತು. “ಒಂದೇ ಒಂದು ಪೆಟ್ಟಿಗೇದು ಸ್ಟಿಕ್ಕರ್ ಬಿಡಿಸಿ ನೋಡ್ದೆ.”

ಅತ್ತ ಅಳು ನಿಂತಿತು. ತೊಟ್ಟಿಕ್ಕುವ ನಲ್ಲಿಯನ್ನು ಯಾರೋ ಗಟ್ಟಿಯಾಗಿ ತಿರುವಿದಂತೆ ನಿಂತಿತು.

“ಯಾವುದು?” ಎಂದಳು ಮಗಳು. ಆಮೇಲೆ, ಬಹಳ ಮೆಲ್ಲಗೆ: “ಕಿಟಕಿ ಹತ್ರದ್ದಾ?”